ಬೆರಳಿನ ಆಕ್ಸಿಮೀಟರ್: ಕೋವಿಡ್ ನಂತರದ ಸುಸ್ತಿಗೆ ನೋಡಬೇಕಾದ್ದು ನಾಡಿಯ ಅಂಕಿ

2021ರ ಎರಡನೇ ಅಲೆಯಲ್ಲಿ ಪರದಾಡಿ ತಂದ ಆಕ್ಸಿಮೀಟರ್ ಎಷ್ಟೋ ಮನೆಗಳ ಡ್ರಾಯರಿನಲ್ಲಿ ಹಾಗೇ ಬಿದ್ದಿದೆ. ಕೋವಿಡ್ ಬಂದು ಮೂರು ತಿಂಗಳು ಕಳೆದರೂ ಸುಸ್ತು, ಎದೆ ಡವಗುಟ್ಟುವುದು, ಎದ್ದು ನಿಂತರೆ ತಲೆ ಸುತ್ತುವುದು ಬಿಡದವರು ಅದನ್ನು ಮತ್ತೆ ಹೊರತೆಗೆಯಬಹುದು. ಇವರಲ್ಲಿ ಬಹಳ ಮಂದಿಗೆ ಆಮ್ಲಜನಕ 97, 98 ಎಂದೇ ತೋರಿಸುತ್ತದೆ. ಅದನ್ನು ನೋಡಿ 'ಎಲ್ಲ ನಾರ್ಮಲ್ಲೇ ಇದೆಯಲ್ಲ' ಎನ್ನುವುದು ಅನ್ಯಾಯ. ಕಣ್ಣಿಡಬೇಕಾದ್ದು ಪಕ್ಕದ ಅಂಕಿಯ ಮೇಲೆ, ಅಂದರೆ ನಾಡಿಬಡಿತದ ಮೇಲೆ.

ಬೆಳಿಗ್ಗೆ ಕಾಫಿಗೆ ಮುಂಚೆ ಹತ್ತು ನಿಮಿಷ ಮಲಗಿ ನಾಡಿ ಬರೆದುಕೊಳ್ಳಿ. ಆಮೇಲೆ ಹಿಮ್ಮಡಿಯನ್ನು ಗೋಡೆಯಿಂದ ಸುಮಾರು ಅರ್ಧ ಅಡಿ ಮುಂದಿಟ್ಟು, ಭುಜ ಮಾತ್ರ ಗೋಡೆಗೆ ಒರಗಿಸಿ, ಮಾತಾಡದೆ ಹತ್ತು ನಿಮಿಷ ನಿಲ್ಲಿ. ನಿಮಿಷಕ್ಕೊಮ್ಮೆ ಅಂಕಿ ಬರೆಯಲು, ಬೀಳದಂತೆ ಹಿಡಿಯಲು ಪಕ್ಕದಲ್ಲಿ ಒಬ್ಬರು ಇರಲೇಬೇಕು. ಕಣ್ಣು ಕತ್ತಲಿಟ್ಟರೆ ಕೂಡಲೇ ಮಲಗಿ. ಮಲಗಿದ್ದಾಗಿನ ಅಂಕಿಗಿಂತ ದೊಡ್ಡವರಲ್ಲಿ 30, 12ರಿಂದ 19 ವಯಸ್ಸಿನವರಲ್ಲಿ 40 ಬಡಿತ ಏರಿ ಇಳಿಯದೆ ನಿಂತರೆ ಆ ಪಟ್ಟಿಯನ್ನು ವೈದ್ಯರಿಗೆ ತೋರಿಸಿ. ಎದ್ದು ನಿಂತಾಗ ನಾಡಿ ಅತಿಯಾಗಿ ಏರುವ ತೊಂದರೆ (POTS) ಇದೆ ಎನ್ನಲು ಇದೊಂದೇ ಸಾಲದು: ರಕ್ತಹೀನತೆ, ಥೈರಾಯ್ಡ್, ನೀರು ಸಾಲದಿರುವುದು ಕೂಡ ನಾಡಿ ಏರಿಸುತ್ತವೆ. ಪರೀಕ್ಷೆಗೆಂದು ಹೃದಯದ ಮಾತ್ರೆ ನಿಲ್ಲಿಸಬೇಡಿ.

ಸಾಧನ ತಪ್ಪುವುದು ಸಣ್ಣ ಕಾರಣಗಳಿಗೆ. ಅದು ಕೆಂಪು ಮತ್ತು ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕನ್ನು ಬೆರಳಿನೊಳಗೆ ಹಾಯಿಸಿ ಅಳೆಯುತ್ತದೆ. ಕಪ್ಪು ಮದರಂಗಿ, ಗಾಢ ನೇಲ್ ಪಾಲಿಶ್ ಆ ಬೆಳಕನ್ನೇ ತಡೆಯುತ್ತವೆ. ಪಾತ್ರೆ ತೊಳೆದು ತಣ್ಣಗಾದ ಬೆರಳಿಗೆ ರಕ್ತ ಸಾಲದು. ಉಜ್ಜಿ ಬೆಚ್ಚಗೆ ಮಾಡಿ. ಕೈ ಜೋತುಬಿಡದೆ ಎದೆಯ ಮಟ್ಟದಲ್ಲಿಡಿ. ಅಂಕಿ ಕುಣಿಯುತ್ತಿದ್ದರೆ ಬರೆಯಬೇಡಿ, ಅರ್ಧ ನಿಮಿಷ ಕಾಯಿರಿ. ಕಪ್ಪು ಚರ್ಮದವರಲ್ಲಿ ಆಮ್ಲಜನಕ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಆದ್ದರಿಂದ ಉಸಿರು ಕಟ್ಟುತ್ತಿದ್ದರೆ ಅಂಕಿ ನಂಬಿ ಮನೆಯಲ್ಲಿ ಕೂರಬೇಡಿ.

ಪುಟ್ಟ ಮಕ್ಕಳಿಗೆ ಈ ಕ್ಲಿಪ್ ಬೇಡ. ಸಣ್ಣ ಬೆರಳು ಅದರೊಳಗೆ ಸಡಿಲವಾಗಿ, ಬೆಳಕು ಪಕ್ಕದಿಂದ ಸೋರುತ್ತದೆ. ಮಕ್ಕಳಿಗೆಂದೇ ಮಾಡಿದ್ದು ಬೇಕು. ಮಕ್ಕಳ ನಾಡಿ ಸಹಜವಾಗಿಯೇ ವೇಗ, ದೊಡ್ಡವರ ಲೆಕ್ಕಕ್ಕೆ ಹೋಲಿಸಬೇಡಿ. ಮಗು ಒಂದು ದಿನ ಆಡಿ ಮಾರನೆಯ ಎರಡು ದಿನ ಹಾಸಿಗೆ ಬಿಟ್ಟು ಏಳದಿದ್ದರೆ, ಆಟದ ನಂತರ ಬರುವ ಆ ಎರಡು ದಿನದ ಕುಸಿತವನ್ನೇ ಡೈರಿಯಲ್ಲಿ ಬರೆಯಿರಿ. ಶಾಲೆಗೆ ತೋರಿಸಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಒಂದು ಕೊರತೆ ದೊಡ್ಡದು. ಒಗೆಯುವಾಗ, ಮೆಟ್ಟಿಲು ಹತ್ತುವಾಗ ಇದು ಕೆಲಸ ಮಾಡದು, ಕೈ ಅಲುಗಿದರೆ ಅಳತೆ ಕೆಡುತ್ತದೆ. ದಿನವಿಡೀ ನಾಡಿ ಮಿತಿಯೊಳಗಿಟ್ಟು ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಮಾಡಬೇಕಾದವರಿಗೆ ಎದೆಗೆ ಕಟ್ಟುವ ಪಟ್ಟಿ ಅಥವಾ ಕೈಗಡಿಯಾರದ ಮಾಪಕವೇ ಮೇಲು. ಹೊಸದು ಕೊಳ್ಳುವುದಾದರೆ ಅಂಕಿಯ ಜೊತೆಗೆ ನಾಡಿಯ ಅಲೆಯನ್ನೂ ತೋರಿಸುವುದನ್ನೇ ಆರಿಸಿ. ಅಲೆ ಸಮವಾಗಿದ್ದಾಗ ಮಾತ್ರ ಅಂಕಿ ನಂಬಬಹುದು. ಬಳಸದಿದ್ದಾಗ ಬ್ಯಾಟರಿ ತೆಗೆದಿಡಿ, ಸೋರಿದರೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.