ಏಳದ ಕಂಪ್ಯೂಟರಿಗೆ ಪೇಪರ್ ಕ್ಲಿಪ್ಪೋ, ಟೆಸ್ಟರೋ, ಮೀಟರೋ?

ವೋಲ್ಟ್ ಅಳೆಯುವ ಮುನ್ನೂರು ರೂಪಾಯಿಯ ಹಳದಿ ಮಲ್ಟಿಮೀಟರ್ ಮೊದಲೇ ಕೈಯಲ್ಲಿದ್ದಿದ್ದರೆ ನನ್ನ 3,200 ರೂಪಾಯಿ ಉಳಿಯುತ್ತಿತ್ತು. ಹಾಗಾಗಿ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಎಲ್ಲಕ್ಕೂ ಕರೆಂಟ್ ಒದಗಿಸುವ ಡಬ್ಬಿ) ಪರೀಕ್ಷಿಸುವ ಈ ಮೂರು ಸಾಧನಗಳ ಹೋಲಿಕೆಯಲ್ಲಿ ನಾನು ಯಾರ ಕಡೆ ಎಂದು ಈಗಲೇ ಹೇಳಿಬಿಡುತ್ತೇನೆ.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಕಳೆದ ಮೇ ತಿಂಗಳು, ಲಗ್ನಪತ್ರಿಕೆಗಳ ಸುಗ್ಗಿಯಲ್ಲೇ, ಕಂಪ್ಯೂಟರ್ ಏಳುವುದನ್ನು ಬಿಟ್ಟಿತು. ಗುಂಡಿ ಒತ್ತಿದರೆ ಫ್ಯಾನ್ ಎರಡು ಸೆಕೆಂಡು ತಿರುಗಿ ನಿಲ್ಲುತ್ತಿತ್ತು, ಮತ್ತೆ ತಾನೇ ತಿರುಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ರ‍್ಯಾಮ್ ತೆಗೆದು ಅದರ ಹಳದಿ ಅಂಚನ್ನು ರಬ್ಬರಿನಿಂದ ಉಜ್ಜಿ ಹಾಕಿದ್ದಾಯಿತು. ಪ್ರಯೋಜನವಾಗಲಿಲ್ಲ. ಅನುಮಾನ ಎಸ್‌ಎಂಪಿಎಸ್ ಮೇಲೆ ಹೋಯಿತು.

ಪೇಪರ್ ಕ್ಲಿಪ್ ಪರೀಕ್ಷೆಗೆ ಕಾಸು ಖರ್ಚಿಲ್ಲ. ಕರೆಂಟ್ ತೆಗೆದು, 24 ಪಿನ್‌ಗಳ ದೊಡ್ಡ ಪ್ಲಗ್ಗನ್ನು ಮದರ್‌ಬೋರ್ಡಿನಿಂದ ಬಿಡಿಸಿ, ಹಸಿರು ತಂತಿಯ ತೂತಿಗೂ ಯಾವುದಾದರೊಂದು ಕಪ್ಪು ತಂತಿಯ ತೂತಿಗೂ ಕ್ಲಿಪ್ ಬಗ್ಗಿಸಿ ಸೇರಿಸಬೇಕು. ಸ್ವಿಚ್ ಹಾಕಿದಾಗ ಎಸ್‌ಎಂಪಿಎಸ್‌ನ ಫ್ಯಾನ್ ತಿರುಗಿದರೆ ಅದಕ್ಕೆ ಜೀವವಿದೆ ಎಂದರ್ಥ. ನನ್ನದು ಗಿರ್ರನೆ ತಿರುಗಿತು. ಎಸ್‌ಎಂಪಿಎಸ್ ಸರಿಯಿದೆ, ಕೆಟ್ಟಿರುವುದು ಬೋರ್ಡೇ ಎಂದು ನಾನೇ ತೀರ್ಪು ಕೊಟ್ಟು ರಿಪೇರಿ ಅಂಗಡಿಗೆ ಹೊತ್ತೊಯ್ದೆ. ಅವರು ಎಂಟು ದಿನ ಇಟ್ಟುಕೊಂಡು ನನ್ನ ಮಾತನ್ನೇ ನನಗೆ ತಿರುಗಿ ಹೇಳಿದರು. 3,200 ಕೊಟ್ಟು ಹಳೆಯದೊಂದು ಎಚ್81 ಮಾದರಿಯ ಮದರ್‌ಬೋರ್ಡ್ ತಂದು ಕೂರಿಸಿದೆ. ಮತ್ತದೇ ಎರಡು ಸೆಕೆಂಡು!

ಆಮೇಲೆ ಪರಿಚಯದವರಿಂದ ಎಸ್‌ಎಂಪಿಎಸ್ ಟೆಸ್ಟರ್ ಎರವಲು ತಂದೆ. ಪ್ಲಗ್ ಸಿಕ್ಕಿಸಿದರೆ ಸಾಕು, ಪುಟ್ಟ ಪರದೆಯಲ್ಲಿ 12, 5, 3.3 ವೋಲ್ಟ್ ಎಲ್ಲವೂ ಸಾಲಾಗಿ ಮೂಡುತ್ತವೆ. ನೋಡಲು ಚೆಂದ. ನನ್ನ ಎಸ್‌ಎಂಪಿಎಸ್ ಅದರಲ್ಲೂ ಪಾಸಾಯಿತು.

ಗಂಟು ಬಿಚ್ಚಿದವನು ಪಕ್ಕದ ಮೋಟರ್ ವೈಂಡಿಂಗ್ ಅಂಗಡಿಯ ಹುಡುಗ. "ಕಾಕಾ, ಖಾಲಿ ಬಂಡಿ ಎಳೆದ ಎತ್ತನ್ನು ನೋಡಿ ಗಟ್ಟಿ ಎನ್ನುತ್ತೀರಲ್ಲ? ಭಾರ ಹೇರಿ ನೋಡಬೇಕು" ಎಂದ. ಕ್ಲಿಪ್ ಪರೀಕ್ಷೆಯಲ್ಲಿ ಎಸ್‌ಎಂಪಿಎಸ್ ಮೇಲೆ ಅದರದೇ ಫ್ಯಾನ್ ಬಿಟ್ಟರೆ ಬೇರೆ ಹೊರೆ ಇರುವುದಿಲ್ಲ. ಟೆಸ್ಟರ್ ಹೇರುವುದೂ ಅಲ್ಪವೇ. ಪ್ರೊಸೆಸರ್ ಕರೆಂಟ್ ಎಳೆಯತೊಡಗಿದಾಗ ಏನಾಗುತ್ತದೆ ಎಂಬುದು ಎರಡಕ್ಕೂ ಗೊತ್ತಾಗುವುದಿಲ್ಲ.

ಅವನು ಎಲ್ಲ ಪ್ಲಗ್ಗುಗಳನ್ನೂ ಬೋರ್ಡಿಗೆ ಮತ್ತೆ ಜೋಡಿಸಿದ. ಹಳೆಯ ಹಾರ್ಡ್ ಡಿಸ್ಕ್‌ಗೆಂದು ಇರುವ, ಬಳಸದೆ ಜೋತಾಡುತ್ತಿದ್ದ ನಾಲ್ಕು ತೂತಿನ ಪ್ಲಗ್ಗಿನಲ್ಲಿ ಮೀಟರಿನ ಕೆಂಪು ಮೊನೆಯನ್ನು ಹಳದಿ ತಂತಿಗೂ ಕಪ್ಪು ಮೊನೆಯನ್ನು ಕಪ್ಪು ತಂತಿಗೂ ತಾಗಿಸಿದ. ಡಿಸಿ 20 ವೋಲ್ಟ್ ಸ್ಥಾನಕ್ಕೆ ತಿರುಗಿಸಿ, ಗುಂಡಿ ಒತ್ತಲು ಹೇಳಿದ. 11.9 ಕಂಡಿತು, ಆರಿತು. ನನಗೆ ಮತ್ತೆ ನಿರಾಸೆ.

ಅಗ್ಗದ ಮೀಟರಿನ ತೊಡಕು ಇರುವುದು ಇಲ್ಲೇ. ಅದರ ಅಂಕಿ ಸೆಕೆಂಡಿಗೆ ಎರಡು ಮೂರು ಸಲವಷ್ಟೇ ಬದಲಾಗುತ್ತದೆ. ಎರಡು ಸೆಕೆಂಡಿನ ಆಟದಲ್ಲಿ ಅದು ತೋರಿಸುವುದೇ ನಾಲ್ಕೈದು ಅಂಕಿ, ಅದೂ ಕಣ್ಣು ರೆಪ್ಪೆ ಬಡಿಯದೆ ನೋಡಿದರೆ. ಜೊತೆಗೆ ಒಂದು ಕೈ ಗುಂಡಿಯ ಮೇಲೆ, ಮೊನೆ ಜಾರದಂತೆ ಹಿಡಿಯಲು ಎರಡು ಕೈ, ಬೆವರು ಬೇರೆ. ನಾಲ್ಕು ಸಲ ಸೋತ ಮೇಲೆ ಮೊಬೈಲನ್ನು ಪೆನ್ ಸ್ಟ್ಯಾಂಡಿಗೆ ಒರಗಿಸಿ ಮೀಟರಿನ ಮುಖವನ್ನು ವಿಡಿಯೊ ಮಾಡಿದೆವು. ನಿಧಾನವಾಗಿ ಓಡಿಸಿ ನೋಡಿದಾಗ ಸಿಕ್ಕಿತು: 11.9, 11.3, 10.6, ಆಮೇಲೆ ಶೂನ್ಯದ ಕಡೆಗೆ. 12 ವೋಲ್ಟಿನ ತಂತಿ ಶೇಕಡಾ 5ರಷ್ಟು ಆಚೀಚೆ ಆಗಬಹುದು, ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ನನ್ನದು ಇಳಿದಿತ್ತು, ಕೆಟ್ಟಿದ್ದು ಎಸ್‌ಎಂಪಿಎಸ್ಸೇ.

ಅದರ ಗಾಳಿಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಎರಡು ಕೆಪ್ಯಾಸಿಟರುಗಳ (ಕರೆಂಟ್ ಹಿಡಿದಿಡುವ ಪುಟ್ಟ ಡಬ್ಬಿಗಳ) ತಲೆ ಉಬ್ಬಿತ್ತು, ಅವು ಕೆಟ್ಟ ಗುರುತು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು.

ಹೊಸ 450 ವ್ಯಾಟಿನ ಎಸ್‌ಎಂಪಿಎಸ್‌ಗೆ 2,400 ಆಯಿತು. ನನ್ನ ಮೊದಲಿನ ಬೋರ್ಡನ್ನೇ ವಾಪಸ್ ಕೂರಿಸಿದೆ, ಒಂದೇ ಏಟಿಗೆ ಎದ್ದಿತು.

ಕ್ಲಿಪ್ಪನ್ನು ತೀರಾ ಹೀನೈಸುವುದಿಲ್ಲ. ಕಂಪ್ಯೂಟರ್ ಮಿಸುಕದೆ ಪೂರ್ತಿ ಸತ್ತಂತಿದ್ದರೆ ಮೊದಲ ಪರೀಕ್ಷೆ ಅದೇ. ಆದರೆ ಅದು ಫೇಲ್ ಮಾಡಿದರೆ ಹೆಚ್ಚಾಗಿ ನಂಬಬಹುದು, ಪಾಸ್ ಮಾಡಿದರೆ ನಂಬಬೇಡಿ. ಇತ್ತೀಚಿನ ಹಲವು ಎಸ್‌ಎಂಪಿಎಸ್‌ಗಳಲ್ಲಿ ತಂತಿಗಳೆಲ್ಲ ಕಪ್ಪಾಗಿರುತ್ತವೆ, ಹಸಿರು ತಂತಿಯ ಜಾಗವಾದ 16ನೇ ಪಿನ್ ಎಣಿಸುತ್ತಾ ಕೂರಬೇಕು. ಟೆಸ್ಟರ್ ದಿನಕ್ಕೆ ಐದು ಕಂಪ್ಯೂಟರ್ ಬಿಚ್ಚುವವರಿಗೆ ಸರಿ. ವರ್ಷಕ್ಕೊಮ್ಮೆ ತೊಂದರೆ ಕಾಣುವ ನನ್ನಂಥವನಿಗೆ ಅದಕ್ಕೆ ಹಾಕಿದ ದುಡ್ಡು ದಂಡ. ಮೀಟರ್ ಆದರೆ ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ಲನ್ನೂ ನೋಡುತ್ತದೆ, ಯುಪಿಎಸ್ ಬ್ಯಾಟರಿಯನ್ನೂ ನೋಡುತ್ತದೆ, ಬೈಕಿನದನ್ನೂ ನೋಡುತ್ತದೆ. ಮರುದಿನವೇ ಒಂದು ಕೊಂಡೆ.

ಎಚ್81 ಬೋರ್ಡನ್ನು ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಲಗ್ನಪತ್ರಿಕೆಯ ಮಾದರಿಗಳ ಪಕ್ಕದಲ್ಲೇ ಇಟ್ಟಿದ್ದೇನೆ, ಬಂದವರೆಲ್ಲ ಅದೇನೆಂದು ಕೇಳುತ್ತಾರೆ.