ನದಿ ದಂಡೆಯ ಡಾಂಬರು ಹಾದಿ: ನಡಿಗೆಯೋ, ಸೈಕಲ್ಲೋ?

ಒಂದು ಗಂಟೆ ಬಿಡುವಿದ್ದರೆ ಬಿರುಸು ನಡಿಗೆಯಲ್ಲಿ ಸುಮಾರು 5 ಕಿ.ಮೀ. ಆಗುತ್ತದೆ, ಆರಾಮದ ಸೈಕಲ್ ಸವಾರಿಯಲ್ಲಿ 15. ವಾಪಸ್ ಬರುವುದನ್ನೂ ಲೆಕ್ಕ ಹಿಡಿಯಿರಿ, ದೂರ ಅರ್ಧಕ್ಕಿಳಿಯುತ್ತದೆ. ಹಕ್ಕಿ ನೋಡುವ ಆಸೆಯಿದ್ದರೆ ನಡೆಯುವುದೇ ಸರಿ.

ನಡೆಯುವವರನ್ನು ಕಾಡುವುದು ದೂರಕ್ಕಿಂತ ನೆಲ. ಗಟ್ಟಿ ಸಮತಟ್ಟು ಹಾದಿಯಲ್ಲಿ ಪ್ರತಿ ಹೆಜ್ಜೆಯೂ ಒಂದೇ ಥರ ಬಿದ್ದು, ಪಾದದ ಒಂದೇ ಜಾಗ ಉಜ್ಜಿ ಬೊಬ್ಬೆ ಏಳುತ್ತದೆ. ಮೆತ್ತನೆ ಅಟ್ಟೆಯ ಶೂ, ಬೆವರು ಹಿಡಿದಿಡದ ಕಾಲುಚೀಲ ಇದ್ದರೆ ಸಾಕು.

ಸೈಕಲ್‌ನಲ್ಲಿ ಮಂಡಿಗೆ ಭಾರ ಕಡಿಮೆ ಅನ್ನುತ್ತಾರೆ. ಸೀಟಿನ ಎತ್ತರ ಸರಿಯಿದ್ದರೆ ಮಾತ್ರ ಅದು ನಿಜ. ಪೆಡಲ್ ತೀರಾ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ.

ನಿಜವಾದ ಅಪಾಯ ಇರುವುದು ಸೇತುವೆ ಕೆಳಗಿನ ತಿರುವಿನಲ್ಲಿ. ನೆರೆ ಇಳಿದ ಮೇಲೆ ಅಲ್ಲಿ ನುಣ್ಣನೆಯ ಹೂಳು ಕೂತಿರುತ್ತದೆ, ಬಿಸಿಲಿನಿಂದ ನೆರಳಿಗೆ ನುಗ್ಗಿದ ಕಣ್ಣಿಗೆ ಅದು ಕಾಣುವುದಿಲ್ಲ. ತಿರುವಿನೊಳಗೆ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಸರ್ರನೆ ಜಾರುತ್ತದೆ. ವೇಗವನ್ನು ಮೊದಲೇ ಇಳಿಸಿ, ಹ್ಯಾಂಡಲ್ ನೆಟ್ಟಗೆ ಹಿಡಿದು ದಾಟಿ. ಒದ್ದೆಯಾದ ಮರದ ಹಲಗೆಗಳ ಮೇಲೂ ಹೀಗೇ. ಬೇರುಗಳು ಡಾಂಬರನ್ನು ಎಬ್ಬಿಸಿದ ಕಡೆ ಮಾತ್ರ ಸೀಟಿನಿಂದ ತುಸು ಎದ್ದರಾಯಿತು.

ನದಿಯ ಬಯಲಲ್ಲಿ ಗಾಳಿಗೆ ಅಡ್ಡಿಯಿಲ್ಲ. ನಡೆಯುವವರಿಗೆ ಅದು ತಂಪು, ಸೈಕಲ್‌ನವರಿಗೆ ಏರು ಹತ್ತಿದಷ್ಟೇ ಶ್ರಮ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ ಸಿಗುವ ದಿಕ್ಕನ್ನೇ ಆರಿಸಿ. ಸಂಜೆ ಮಕ್ಕಳು, ನಾಯಿಗಳು ತುಂಬಿರುವ ಹೊತ್ತಿನಲ್ಲಂತೂ ಸೈಕಲ್ ಬೇಡ. ಹೋಗಲೇಬೇಕಿದ್ದರೆ ಇಪ್ಪತ್ತು ಮೀಟರ್ ದೂರದಿಂದಲೇ ಬೆಲ್ ಹೊಡೆಯಿರಿ. ಹತ್ತಿರ ಬಂದು ಹೊಡೆದರೆ ಜನ ಬೆಚ್ಚಿ ಅಡ್ಡಕ್ಕೇ ಸರಿಯುತ್ತಾರೆ.