ಲಂಗ್‌ವರ್ಟ್: ಹೂವಿಗಲ್ಲ, ಎಲೆಗೆ ಕೊಳ್ಳಿ

ಲಂಗ್‌ವರ್ಟ್ ಅನ್ನುವ ಹೂಗಿಡದ ಕುಂಡದ ಚೀಟಿಯಲ್ಲಿ ಸಾಮಾನ್ಯವಾಗಿ ಎರಡು ಮಾತು ಇರುತ್ತವೆ. ನೆರಳಿಗೆ ಒಳ್ಳೆಯದು, ಆರೈಕೆ ಕಮ್ಮಿ. ಮೊದಲನೆಯದು ನಿಜ, ಎರಡನೆಯದು ಅರ್ಧ ನಿಜ. ಈ ಗಿಡಕ್ಕೆ ನೆರಳಿಗಿಂತ ಜಾಸ್ತಿ ಬೇಕಾದದ್ದು ಮಣ್ಣಿನ ತೇವ. ದೊಡ್ಡ ಮರದ ಬುಡದಲ್ಲಿ, ಬೇರುಗಳು ಇರೋಬರೋ ನೀರನ್ನೆಲ್ಲ ಹೀರಿಬಿಡುವ ಕಡೆ ನೆಟ್ಟರೆ, ಬೇಸಿಗೆ ಬರುವಷ್ಟರಲ್ಲಿ ಎಲೆಗಳು ಜೋತುಬಿದ್ದು, ಮೇಲೆ ಹಿಟ್ಟು ಉದುರಿಸಿದ ಹಾಗೆ ಬೂದಿ ರೋಗ ಹತ್ತಿಕೊಳ್ಳುತ್ತದೆ. ಅದಕ್ಕೆ ಗಿಡವನ್ನು ಬೈದು ಪ್ರಯೋಜನವಿಲ್ಲ.

ಹೂವಿನ ಬಗ್ಗೆ ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ಚಳಿ ಇನ್ನೂ ಪೂರ್ತಿ ಹೋಗಿರುವುದಿಲ್ಲ, ಆಗಲೇ ಅರಳುತ್ತವೆ. ಮೊಗ್ಗು ಗುಲಾಬಿ ಬಣ್ಣ, ಹೂ ಹಳೆಯದಾದಂತೆ ನೀಲಿ. ಜೀವಕೋಶದ ರಸದಲ್ಲಿ ಹುಳಿ ಅಂಶ ಕಮ್ಮಿಯಾದಂತೆ ಬಣ್ಣ ಬದಲಾಗುವುದರಿಂದ ಒಂದೇ ಗೊಂಚಲಲ್ಲಿ ಎರಡೂ ಬಣ್ಣ ಕಾಣುತ್ತವೆ. ಆ ಹೊತ್ತಿಗೆ ಬೇರೆ ಹೂವು ಕಮ್ಮಿ ಇರುವುದರಿಂದ ದುಂಬಿ, ಜೇನ್ನೊಣಗಳಿಗೂ ಖುಷಿ. ಆದರೆ ಇದೆಲ್ಲ ಕೆಲವು ವಾರಗಳ ಸಡಗರ ಅಷ್ಟೇ.

ಆಮೇಲೆ ಗಿಡ ನೋಡಲಿಕ್ಕೇ ಬೇಡ ಅನ್ನಿಸುತ್ತದೆ. ಕಾಂಡ ಅಡ್ಡಬೀಳುತ್ತದೆ, ಹಳೆ ಎಲೆ ಕಪ್ಪಾಗುತ್ತದೆ. ಇಲ್ಲೇ ಕತ್ತರಿ ತೆಗೆದುಕೊಳ್ಳಬೇಕು. ಹೂ ಮುಗಿದ ಕೂಡಲೇ ಎಲೆ, ಕಾಂಡ ಎಲ್ಲವನ್ನೂ ಬುಡದ ಹತ್ತಿರಕ್ಕೆ ಕತ್ತರಿಸಿ, ಚೆನ್ನಾಗಿ ನೀರು ಕೊಟ್ಟರೆ ಕೆಲವೇ ವಾರಗಳಲ್ಲಿ ಹೊಸ ಎಲೆಗಳು ಬರುತ್ತವೆ, ಬೆಳ್ಳಿ ಚುಕ್ಕೆ ಸಮೇತ. ದುಡ್ಡು ಕೊಡಬೇಕಾದದ್ದು ಈ ಎಲೆಗೆ. ಆ ಬೆಳ್ಳಿ ಬಣ್ಣವೂ ಅಲ್ಲ, ಎಲೆಯ ಮೇಲುಸಿಪ್ಪೆಯ ಕೆಳಗೆ ಸಿಕ್ಕಿಕೊಂಡ ಗಾಳಿ ಬೆಳಕನ್ನು ಹಿಂದಕ್ಕೆ ಎಸೆಯುವುದು! ಕತ್ತಲೆ ಮೂಲೆಯಲ್ಲಿ ಇದು ಎಷ್ಟು ಎದ್ದು ಕಾಣುತ್ತದೆ ಅಂದರೆ, ಹೂವಿನ ನೆನಪೇ ಬರುವುದಿಲ್ಲ.

ಹಾಗಾಗಿ ತಳಿ ಆರಿಸುವಾಗ ಎಲೆ ನೋಡಿ. ಮಜೆಸ್ಟೆ ಎಲೆ ಹೆಚ್ಚುಕಮ್ಮಿ ಪೂರ್ತಿ ಬೆಳ್ಳಿ, ನನ್ನ ಓಟು ಇದಕ್ಕೇ. ಸಿಸ್ಸಿಂಗ್‌ಹರ್ಸ್ಟ್ ವೈಟ್‌ನಲ್ಲಿ ಚುಕ್ಕೆ ಎಲೆ, ಬಿಳಿ ಹೂವು. ಬ್ಲೂ ಎನ್‌ಸೈನ್ ಹೂವಿನ ನೀಲಿ ಅದ್ಭುತ, ಎಲೆ ಮಾತ್ರ ಬರೀ ಹಸಿರು. ಹೂ ಹೋದಮೇಲೆ ಸುಮ್ನೆ ಜಾಗ ತುಂಬಿಸಿದ ಹಾಗೆ, ಅಲ್ವಾ? ಸ್ವಲ್ಪ ಬಿಸಿಲು ಬೀಳುವ ಜಾಗವಾದರೆ ಉದ್ದ ಎಲೆಯ ಲಾಂಗಿಫೋಲಿಯಾ ಜಾತಿ ಇದ್ದುದರಲ್ಲಿ ತಡೆದುಕೊಳ್ಳುತ್ತದೆ. ಯಾವುದೇ ಆಗಲಿ, ಗಿಡವನ್ನೇ ಕೊಳ್ಳಿ. ಬೀಜದಿಂದ ಬಂದ ಸಸಿ ತಾಯಿಯ ಹಾಗೇ ಇರುತ್ತದೆ ಅನ್ನುವ ಖಾತ್ರಿ ಇಲ್ಲ.

ನೆಡುವುದು ಸುಲಭ. ಕೊಳೆತ ಎಲೆಗೊಬ್ಬರ ಬೆರೆಸಿ, ಬುಡ ಮಣ್ಣಿನ ಮಟ್ಟಕ್ಕೇ ಇರಲಿ, ಗಿಡಗಳ ನಡುವೆ ಸುಮಾರು 45 ಸೆಂಟಿಮೀಟರ್ ಬಿಡಿ. ತೇವ ಅಂದರೆ ನಿಂತ ನೀರಲ್ಲ, ಕೊಳೆಯುತ್ತದೆ. 3ರಿಂದ 5 ವರ್ಷಕ್ಕೊಮ್ಮೆ ಅಗೆದು ಬುಡ ಬಿಡಿಸಿ ನೆಟ್ಟರೆ ಗಿಡಕ್ಕೆ ಗಿಡವೂ ಆಯಿತು, ಹಳೆಯದಕ್ಕೆ ಜೀವವೂ ಬಂತು. ಎಲೆ ಒರಟು ರೋಮದ್ದಾದ್ದರಿಂದ ಜಿಂಕೆ, ಮೊಲ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಸೂಕ್ಷ್ಮ ಚರ್ಮದವರು ಕತ್ತರಿಸುವಾಗ ಗ್ಲೌಸ್ ಹಾಕಿಕೊಳ್ಳಿ. ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ಮಾತ್ರ ಎಳೆ ಎಲೆಯನ್ನು ಬಿಡುವುದಿಲ್ಲ.

ನನ್ನ ಲೆಕ್ಕದಲ್ಲಿ 5ಕ್ಕೆ 4. ಒಂದು ಅಂಕ ಕಳೆದದ್ದು ಬೂದಿ ರೋಗಕ್ಕೆ. ಚಳಿಗಾಲವೇ ಇಲ್ಲದ ಬಿಸಿ ಊರಿನವರು ಫೋಟೊ ನೋಡಿ ಆಸೆಪಡಬೇಡಿ. ಇದು ಯುರೋಪಿನ ತಂಪು ಕಾಡಿನ ಗಿಡ, ಸೆಕೆಗೆ ಸೊರಗುತ್ತದೆ. ನೆರಳಿಗೆ ಬಣ್ಣದ ಎಲೆ ಬೇಕೆಂದರೆ ಕಲಾಡಿಯಂ ಹಾಕಿ.